ಹಾಂಗ್‌ಕಾಂಗ್‌ನ ಟುಂಗ್ ವಾ ಆಸ್ಪತ್ರೆ ಮತ್ತು ಷಿನ್‌ಹುಯಿ: ಧರ್ಮದ ಲೆಕ್ಕದಲ್ಲಿ ಊರಿನ ಪಾಲು ಎಷ್ಟು?

ಬೆಟ್ಟದಹಾದಿ

ಟುಂಗ್ ವಾ ಆಸ್ಪತ್ರೆ ಬಗ್ಗೆ ಓದಿದಾಗಲೆಲ್ಲ ನನಗೆ ಒಂದೇ ತಕರಾರು. ಎಲ್ಲರೂ ಅದನ್ನು ಹಾಂಗ್‌ಕಾಂಗ್ ದಾನಿಗಳ ಕಥೆಯಾಗಿಯೇ ಹೇಳುತ್ತಾರೆ. ದೊಡ್ಡ ವ್ಯಾಪಾರಿಗಳು ಸೇರಿ ಆಸ್ಪತ್ರೆ ಕಟ್ಟಿದರು, ಬಡವರಿಗೆ ಪುಕ್ಕಟೆ ಔಷಧಿ ಕೊಟ್ಟರು, ಪರದೇಶದಲ್ಲಿ ಸತ್ತವರ ಮೂಳೆಗಳನ್ನು ಅವರವರ ಊರಿಗೆ ಕಳಿಸಿದರು. ಸರಿ. ಆದರೆ ಆ ಊರು ಯಾವುದು, ಅಲ್ಲಿ ಪೆಟ್ಟಿಗೆ ಇಳಿಸಿಕೊಂಡವರು ಯಾರು, ಯಾರೂ ಕೇಳಿಕೊಂಡು ಬರದ ಮೂಳೆಗಳನ್ನು ಏನು ಮಾಡಿದರು? ಇದೆಲ್ಲ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ನಾನು ಇರುವುದು ಹಾಂಗ್‌ಕಾಂಗ್‌ನಲ್ಲೇ. ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇಲ್ಲಿಂದ ಪಶ್ಚಿಮಕ್ಕೆ, ಪರ್ಲ್ ನದಿಯ ಮುಖಜ ಭೂಮಿ ದಾಟಿದರೆ ಜಿಯಾಂಗ್‌ಮೆನ್ ಅನ್ನುವ ಪ್ರದೇಶ ಸಿಗುತ್ತದೆ. ದೂರ ಅಂದರೆ ಸುಮಾರು ನೂರು ಕಿಲೋಮೀಟರ್. ಷಿನ್‌ಹುಯಿ, ತೈಷಾನ್, ಕೈಪಿಂಗ್, ಎನ್‌ಪಿಂಗ್ ಅನ್ನುವ ನಾಲ್ಕು ಹಳೆಯ ಕೌಂಟಿಗಳು ಅಲ್ಲೇ ಇವೆ. ಈ ನಾಲ್ಕಕ್ಕೂ ಸೇರಿ ಸಿಯಿ ಅನ್ನುತ್ತಾರೆ. 19ನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗೆ, ಅಲ್ಲಿನ ರೈಲು ಹಳಿ ಹಾಕುವ ಕೆಲಸಕ್ಕೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದ ಚೀನೀಯರಲ್ಲಿ ಬಹುಪಾಲು ಈ ಕಡೆಯವರೇ. ಹೋಗುವಾಗಲೂ ಹಾಂಗ್‌ಕಾಂಗ್‌ನಲ್ಲಿ ಹಡಗು ಹತ್ತಿದರು, ಬರುವಾಗಲೂ ಹಾಂಗ್‌ಕಾಂಗ್‌ನಲ್ಲೇ ಇಳಿದರು. ಬದುಕಿ ಬಂದವರೂ ಅಷ್ಟೇ, ಸತ್ತು ಬಂದವರೂ ಅಷ್ಟೇ.

ಟುಂಗ್ ವಾ ಶುರುವಾದ ರೀತಿಯೂ ಸಾವಿನದೇ. ತೈ ಪಿಂಗ್ ಷಾನ್ ಬೀದಿಯಲ್ಲಿ ಒಂದು ಸಣ್ಣ ಗುಡಿ ಇದೆ, ಈಗಲೂ ಇದೆ. ಊರು ಬಿಟ್ಟು ಬಂದು ಇಲ್ಲೇ ಸತ್ತವರ ಹೆಸರಿನ ಫಲಕಗಳನ್ನು ಅಲ್ಲಿಡುತ್ತಿದ್ದರು. ಕ್ರಮೇಣ ಬಾಡಿಗೆ ಮನೆ ಮಾಲೀಕರು ಇನ್ನೇನು ಸಾಯುತ್ತಾನೆ ಅನ್ನಿಸಿದವರನ್ನೂ ತಂದು ಅಲ್ಲಿ ಮಲಗಿಸಿ ಹೋಗಲು ಶುರು ಮಾಡಿದರು. 1869ರಲ್ಲಿ ಅಧಿಕಾರಿಗಳು ಒಳಗೆ ಹೋಗಿ ನೋಡಿದರೆ ಶವಪೆಟ್ಟಿಗೆಗಳ ಪಕ್ಕದಲ್ಲೇ ಜೀವ ಇರುವ ರೋಗಿಗಳು ಬಿದ್ದಿದ್ದರು. ಪತ್ರಿಕೆಗಳಲ್ಲಿ ದೊಡ್ಡ ರಾದ್ಧಾಂತ ಆಯಿತು. 1870ರಲ್ಲಿ ಆಸ್ಪತ್ರೆ ಕಟ್ಟಲು ಕಾನೂನು ಬಂತು, 1872ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು.

1875ರಲ್ಲಿ ಕೆನಡಿ ಟೌನ್ ಕಸಾಯಿಖಾನೆ ಹತ್ತಿರ ಶವಪೆಟ್ಟಿಗೆ ಮತ್ತು ಮೂಳೆಗಳನ್ನು ಇಡುವುದಕ್ಕೇ ಒಂದು ಮನೆ ಕಟ್ಟಿದರು. 1899ರಲ್ಲಿ ಅದನ್ನು ಸ್ಯಾಂಡಿ ಬೇಗೆ ಸಾಗಿಸಿದರು. ಈಗಲೂ ನಿಂತಿದೆ, ಚಿಕ್ಕ ಚಿಕ್ಕ ಕೋಣೆಗಳ ಸಾಲು ಸಾಲು. ಅಮೆರಿಕದಿಂದ ಹಡಗಿನಲ್ಲಿ ಬಂದ ಪೆಟ್ಟಿಗೆಗಳು ಊರಿಗೆ ಹೋಗುವ ತನಕ ಇಲ್ಲಿ ಕಾಯುತ್ತಿದ್ದವು.

ನನ್ನ ತಕರಾರು ಇಲ್ಲಿಂದ ಮುಂದಕ್ಕೆ. ಷಿನ್‌ಹುಯಿಯ ಹುವಾಂಗ್‌ಕೆಂಗ್ ಅನ್ನುವ ಕಡೆ 1990ರ ದಶಕದ ಆರಂಭದಲ್ಲಿ ಗುಡ್ಡದ ಮೇಲೆ ಒಂದು ಹಳೆಯ ಸ್ಮಶಾನ ಬೆಳಕಿಗೆ ಬಂತು. 387 ಸಮಾಧಿಗಳು. ಎಲ್ಲ ಒಂದೇ ಅಳತೆ, ಸಾಲಾಗಿ, ಅಚ್ಚು ಹಾಕಿದ ಹಾಗೆ. ಕಲ್ಲಿನ ಮೇಲೆ 1893ಕ್ಕೆ ಸರಿಹೊಂದುವ ಚೀನೀ ವರ್ಷ ಇದೆ. ಪರದೇಶದಿಂದ ಬಂದು, ಮನೆಯವರು ಯಾರೂ ಕೇಳದೆ ಉಳಿದ ಮೂಳೆಗಳು ಇವು. ಇಷ್ಟನ್ನು ಹೂತವರು ಷಿನ್‌ಹುಯಿಯವರು. ಜಾಗ ಕೊಟ್ಟವರು, ಕಲ್ಲು ನಿಲ್ಲಿಸಿದವರು ಅವರೇ. ಹಾಂಗ್‌ಕಾಂಗ್ ಕಳಿಸಿತು ಅಂತ ನಾವು ಹೊಗಳುವಾಗ ಇಳಿಸಿಕೊಂಡವರನ್ನು ಮರೆಯುತ್ತೇವೆ ಅಲ್ವಾ?

---

ಕಾಫಿಪುಡಿ

ಲೇಖನ ಚೆನ್ನಾಗಿದೆ, ಆದರೆ ನೀವು 'ಧರ್ಮ' ಅನ್ನುವ ಪದವನ್ನು ಸ್ವಲ್ಪ ಧಾರಾಳವಾಗಿ ಬಳಸಿದಿರಿ ಅನ್ನಿಸಿತು. ವ್ಯಾಪಾರಿಗಳು ಸುಮ್ನೆ ದುಡ್ಡು ಬಿಚ್ಚುತ್ತಾರಾ? ಬ್ರಿಟಿಷರ ಊರಲ್ಲಿ ಚೀನೀ ವ್ಯಾಪಾರಿಗೆ ಅಧಿಕಾರ ಇಲ್ಲ, ಹುದ್ದೆ ಇಲ್ಲ. ಮರ್ಯಾದೆ ಬೇಕು ಅಂದರೆ ಒಂದು ಸಮಿತಿ ಬೇಕು. ಆಸ್ಪತ್ರೆ ಸಮಿತಿ ಅದಕ್ಕೆ ಸರಿಯಾದ ವೇದಿಕೆ. ಮೂಳೆ ಕಳಿಸುವುದರಲ್ಲೂ ಹಡಗು ಕಂಪನಿಗೆ ಬಾಡಿಗೆ ಸಿಕ್ಕಿತು, ಅಮೆರಿಕದ ವಲಸಿಗರ ಜೊತೆ ವ್ಯವಹಾರ ಮಾಡುವ ಗೋಲ್ಡ್ ಮೌಂಟನ್ ಅಂಗಡಿಗಳಿಗೆ ಗಿರಾಕಿ ಸಿಕ್ಕರು. ಇದನ್ನು ಧರ್ಮ ಅನ್ನಬೇಕಾ, ವ್ಯವಹಾರ ಅನ್ನಬೇಕಾ?

---

ಬೆಟ್ಟದಹಾದಿ

@ಕಾಫಿಪುಡಿ ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಮಸಾಲೆ ಇದೆ ಅದರಲ್ಲಿ. ಆಸ್ಪತ್ರೆಗೆ ಸರ್ಕಾರ ಕೊಟ್ಟ 1,15,000 ಡಾಲರ್ ಬಂದದ್ದು ಜೂಜುಕಟ್ಟೆಗಳಿಂದ ವಸೂಲಾದ ಲೈಸೆನ್ಸ್ ಹಣದಿಂದ. ಗವರ್ನರ್ ಮ್ಯಾಕ್‌ಡೊನೆಲ್ ಜೂಜಿಗೆ ಪರವಾನಗಿ ಕೊಟ್ಟು ಲಂಡನ್ನಿನಿಂದ ಬೈಸಿಕೊಂಡಿದ್ದ. ಕೂಡಿಬಿದ್ದಿದ್ದ ಆ ಹಣಕ್ಕೆ ಒಂದು ಮರ್ಯಾದಸ್ಥ ದಾರಿ ಬೇಕಿತ್ತು, ಆಸ್ಪತ್ರೆ ಸಿಕ್ಕಿತು. ಸಮಿತಿಯಲ್ಲಿ ವಿದೇಶಿ ಕಂಪನಿಗಳ ಕಂಪ್ರದೋರ್‌ಗಳು (ಅಂದರೆ ಅವುಗಳ ಚೀನೀ ದಲ್ಲಾಳಿಗಳು), ಅಕ್ಕಿ ವ್ಯಾಪಾರಿಗಳು, ಬಟ್ಟೆ ವ್ಯಾಪಾರಿಗಳು, ಜೊತೆಗೆ ಅಫೀಮು ವ್ಯಾಪಾರಿಗಳು. ನಮ್ಮ ಮಾಳ್ವದಿಂದ ಬಾಂಬೆ ಬಂದರಿನ ಮೂಲಕ ಹೋದ ಅಫೀಮಿನ ಲಾಭದ ಒಂದು ಚೂರು ಆ ಕಟ್ಟಡದಲ್ಲೂ ಇದೆ ಅಂದರೆ ತಪ್ಪಿಲ್ಲ.

ಮರ್ಯಾದೆ ವಿಷಯಕ್ಕೆ ಬಂದರೆ, ಉದ್ಘಾಟನೆ ದಿನ ಸಮಿತಿಯವರು ಆಗ ಚೀನಾ ಆಳುತ್ತಿದ್ದ ಚಿಂಗ್ ಸಾಮ್ರಾಜ್ಯದ ಅಧಿಕಾರಿಗಳ ಪೋಷಾಕು ಹಾಕಿಕೊಂಡು ಬಂದಿದ್ದರು. ಆಗ ದುಡ್ಡು ಕೊಟ್ಟರೆ ಪದವಿ ಸಿಗುತ್ತಿತ್ತು. ಬ್ರಿಟಿಷರಿಗೆ ಇದು ಕಣ್ಣು ಕುಕ್ಕಿತು. ನಮ್ಮ ಊರಲ್ಲಿ ಇವರದ್ದೊಂದು ಬೇರೆ ಸರ್ಕಾರನಾ ಅಂತ ಗುಸುಗುಸು ವರ್ಷಗಟ್ಟಲೆ ನಡೆಯಿತು.

ಆದರೆ ಮರ್ಯಾದೆಗೋಸ್ಕರ ಮಾಡಿದ್ದು ಅನ್ನುವ ಕಾರಣಕ್ಕೆ ಕೆಲಸ ಸುಳ್ಳಾಗುತ್ತದಾ? ರೋಗಿಗೆ ಔಷಧಿ ಸಿಕ್ಕಿತೋ ಇಲ್ಲವೋ, ಪೆಟ್ಟಿಗೆ ಸರಿಯಾದ ಹಳ್ಳಿ ಮುಟ್ಟಿತೋ ಇಲ್ಲವೋ, ನನಗೆ ಅದು ಮುಖ್ಯ.

---

ಲೆಕ್ಕಪತ್ರ

ದುಡ್ಡಿನ ದಾರಿ ಬಗ್ಗೆ ನಾನು ಸ್ವಲ್ಪ ಹೇಳಬಹುದು, ನನಗೆ ಈ ವಿಷಯದಲ್ಲಿ ಅದೇ ಆಸಕ್ತಿ. ದಾನಿಗಳು ದುಡ್ಡು ಬಿಚ್ಚಿದರು ಅನ್ನುವ ಮಾತು ಮೂಳೆಗಳ ವಿಷಯದಲ್ಲಿ ಅರ್ಧ ಸತ್ಯ ಮಾತ್ರ. ಹೆಚ್ಚಿನ ಖರ್ಚು ಕೂಲಿಗಳದ್ದೇ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೊಂದು ಪ್ರದೇಶದವರಿಗೂ ಒಂದೊಂದು ಸಂಘ. ತೈಷಾನ್‌ನವರಿಗೆ ನಿಂಗ್ ಯುಂಗ್, ಷಿನ್‌ಹುಯಿ ಕಡೆಯವರಿಗೆ ಕಾಂಗ್ ಚೌ, ಹೀಗೆ. ಎಲ್ಲ ಸೇರಿ ಸಿಕ್ಸ್ ಕಂಪನೀಸ್. ಊರಿಗೆ ವಾಪಸ್ ಹೋಗುವವನು ಸಂಘಕ್ಕೆ ಸಾಲ ತೀರಿಸಿ, ಶುಲ್ಕ ಕಟ್ಟಿ ಚೀಟಿ ತಗೊಳ್ಳಬೇಕಿತ್ತು. ಆ ಚೀಟಿ ಇಲ್ಲದವನಿಗೆ ಹಡಗು ಕಂಪನಿ ಟಿಕೆಟ್ ಕೊಡದ ಹಾಗೆ ಒಪ್ಪಂದ ಮಾಡಿಕೊಂಡಿದ್ದರು. ಬಲವಂತ ಅನ್ನಿ, ವಿಮೆ ಅನ್ನಿ. ಬದುಕಿ ಹೋಗುವವನು ಕಟ್ಟಿದ ದುಡ್ಡಿನಲ್ಲಿ ಸತ್ತವನು ಹೋಗುತ್ತಿದ್ದ.

ಕೆಲಸ ನಡೆಯುತ್ತಿದ್ದ ರೀತಿ ನೋಡಿ. ಸತ್ತವನನ್ನು ಮೊದಲು ಅಲ್ಲೇ, ಜಾಸ್ತಿ ಆಳ ಇಲ್ಲದ ಗುಂಡಿಯಲ್ಲಿ ಹೂಳುತ್ತಿದ್ದರು. ಕೆಲವು ವರ್ಷ ಬಿಟ್ಟು ಸಂಘದ ಕಡೆಯಿಂದ ಜನ ಬಂದು ಅಗೆಯುತ್ತಿದ್ದರು. ಮೂಳೆಗಳನ್ನು ತೊಳೆದು, ಒಣಗಿಸಿ, ಒಂದೂ ಬಿಡದಂತೆ ಎಣಿಸಿ ಕಟ್ಟುತ್ತಿದ್ದರು. ಆಮೇಲೆ ತಗಡಿನ ಅಥವಾ ಮರದ ಪೆಟ್ಟಿಗೆ. ಮೇಲೆ ಹೆಸರು, ಕೌಂಟಿ, ಹಳ್ಳಿ. ಅದೇ ವಿವರ ಒಂದು ಪಟ್ಟಿಯಲ್ಲೂ ಇರುತ್ತಿತ್ತು. ಪೆಟ್ಟಿಗೆ ಮತ್ತು ಪಟ್ಟಿ ಎರಡೂ ಹಾಂಗ್‌ಕಾಂಗ್‌ಗೆ. ಟುಂಗ್ ವಾ ಗುಮಾಸ್ತರು ತಾಳೆ ನೋಡಿ ಒಳಗಿಟ್ಟುಕೊಂಡು ಕೌಂಟಿಯ ಧರ್ಮಸಂಸ್ಥೆಗೆ ಪತ್ರ ಬರೆಯುತ್ತಿದ್ದರು. ಷಿನ್‌ಹುಯಿಯಲ್ಲಿ ಈ ಕೆಲಸ ನೋಡುತ್ತಿದ್ದದ್ದು ರೆನ್‌ಯು ಟಾಂಗ್ ಅನ್ನುವ ಸಂಸ್ಥೆ. ಅವರು ದೋಣಿಯಿಂದ ಇಳಿಸಿಕೊಂಡು, ಊರೂರಿಗೆ ಸುದ್ದಿ ಮುಟ್ಟಿಸಿ, ಬಂದ ಮನೆಯವರಿಗೆ ಒಪ್ಪಿಸುತ್ತಿದ್ದರು. ಮಣ್ಣು ಮಾಡುವ ಖರ್ಚಿಗೆ ಅಂತ ಪರದೇಶದ ಸಂಘ ಕಳಿಸಿದ ಸಣ್ಣ ಮೊತ್ತವೂ ಜೊತೆಗೆ ಇರುತ್ತಿತ್ತು.

1870ರ ಜೂನ್‌ನಲ್ಲಿ ಸ್ಯಾಕ್ರಮೆಂಟೊದ ಒಂದು ಪತ್ರಿಕೆ ಬರೆದ ಸುದ್ದಿ ಇದೆ. ರೈಲಿನಲ್ಲಿ ಸುಮಾರು 20,000 ಪೌಂಡ್ ಮೂಳೆ ಹೋಯಿತು, ಸುಮಾರು 1,200 ಚೀನೀಯರದ್ದಿರಬಹುದು ಅಂತ. ಅಮೆರಿಕದ ಖಂಡ ದಾಟುವ ರೈಲು ಮಾರ್ಗ ಮುಗಿದು ಒಂದೇ ವರ್ಷ ಆಗಿತ್ತು. ಅದೇ ಹಳಿ ಹಾಕಿದವರು ಅದೇ ಹಳಿ ಮೇಲೆ. ಪತ್ರಿಕೆಯವನು ತೂಕದಲ್ಲಿ ಲೆಕ್ಕ ಹಾಕಿದ, ಸಂಘದವರು ಹೆಸರಿನಲ್ಲಿ ಲೆಕ್ಕ ಇಟ್ಟರು.

ಇಷ್ಟೂ ಸರಪಳಿಯಲ್ಲಿ ಒಂದು ಕೊಂಡಿ ಸಡಿಲ ಆದರೂ ಪೆಟ್ಟಿಗೆ ಅನಾಥ. ಹಾಗಾಗಿ @ಬೆಟ್ಟದಹಾದಿ ಹೇಳಿದ್ದು ನನಗೆ ಒಪ್ಪಿಗೆ. ಕೊನೆಯ ಕೊಂಡಿ ಊರಿನದು, ಅದೇ ಕಷ್ಟದ್ದು. ಮೂವತ್ತು ವರ್ಷದ ಹಿಂದೆ ಹೋದವನ ಮನೆ ಹುಡುಕಬೇಕು.

---

ಸುಮ್ನೆ_ಓದುಗ

ಒಂದು ದಡ್ಡ ಪ್ರಶ್ನೆ. ಅಷ್ಟು ಖರ್ಚು ಮಾಡಿ ಮೂಳೆ ತರುವುದು ಯಾಕೆ? ನಾವು ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು ಕೈ ತೊಳೆದುಕೊಂಡು ಬರುತ್ತೇವೆ.

---

ಬೆಟ್ಟದಹಾದಿ

@ಸುಮ್ನೆ_ಓದುಗ ದಡ್ಡ ಪ್ರಶ್ನೆ ಅಲ್ಲ. ಅವರಲ್ಲಿ ಸಮಾಧಿ ಇದ್ದರೆ ತಾನೇ ಮಕ್ಕಳು ವರ್ಷಕ್ಕೊಮ್ಮೆ ಚಿಂಗ್‌ಮಿಂಗ್ ಹಬ್ಬಕ್ಕೆ ಹೋಗಿ ಗುಡಿಸಿ, ಊಟ ಇಟ್ಟು, ಊದುಬತ್ತಿ ಹಚ್ಚುವುದು. ಅದು ಸಿಗದ ಜೀವ ಹಸಿದ ದೆವ್ವವಾಗಿ ಅಲೆಯುತ್ತದೆ ಅಂತ ನಂಬಿಕೆ. ಮದುವೆಯಾಗದೆ, ಮಕ್ಕಳಿಲ್ಲದೆ ಸತ್ತ ಕೂಲಿಗಳ ಕಷ್ಟ ಇನ್ನೂ ಜಾಸ್ತಿ. ಹುವಾಂಗ್‌ಕೆಂಗ್‌ನಂಥ ಸಾಮೂಹಿಕ ಸ್ಮಶಾನ ಅವರಿಗೆ ಬೇಕಾಗಿದ್ದು ಅದಕ್ಕೇ. ಸ್ವಂತ ಮಕ್ಕಳಿಲ್ಲದಿದ್ದರೂ ಊರಿನವರು ಯಾರೋ ವರ್ಷಕ್ಕೊಮ್ಮೆ ಬರುತ್ತಾರೆ.

---

ದವಾಖಾನೆ

ವೃತ್ತಿಯಲ್ಲಿ ಡಾಕ್ಟರ್, ಹಾಗಾಗಿ ಆಸ್ಪತ್ರೆ ಭಾಗಕ್ಕೆ ಬರುತ್ತೇನೆ. ಟುಂಗ್ ವಾ ಶುರುವಿನಲ್ಲಿ ಪೂರ್ತಿ ಚೀನೀ ಔಷಧದ ಆಸ್ಪತ್ರೆ. 1894ರ ಪ್ಲೇಗಿನಲ್ಲಿ ಅದು ದೊಡ್ಡ ಇಕ್ಕಟ್ಟಿಗೆ ಸಿಕ್ಕಿತು. ಸರ್ಕಾರ ಮನೆ ಮನೆ ಹುಡುಕಿ ರೋಗಿಗಳನ್ನು ಹೈಜಿಯಾ ಅನ್ನುವ ಆಸ್ಪತ್ರೆ ಹಡಗಿಗೆ ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿ ಕಣ್ಣು ಕಿತ್ತು ಔಷಧಿ ಮಾಡುತ್ತಾರೆ ಅಂತೆಲ್ಲ ಪುಕಾರು ಹಬ್ಬಿತು. ಜನ ಕೇಳಿದ್ದು ಒಂದೇ: ನಮ್ಮನ್ನು ಊರ ಕಡೆ ಹೋಗಲು ಬಿಡಿ, ಸತ್ತರೆ ಅಲ್ಲೇ ಸಾಯುತ್ತೇವೆ. ಟುಂಗ್ ವಾ ಸಮಿತಿ ಸರ್ಕಾರದ ಹತ್ತಿರ ವಾದ ಮಾಡಿದ್ದೂ ಇದಕ್ಕೇ. ಕೊನೆಗೆ ರೋಗಿಗಳನ್ನು ಕ್ಯಾಂಟನ್ (ಈಗಿನ ಗುವಾಂಗ್‌ಝೌ) ಕಡೆಗೆ ದೋಣಿಯಲ್ಲಿ ಕಳಿಸಲು ಒಪ್ಪಿಗೆ ಸಿಕ್ಕಿತು.

ಡಾಕ್ಟರಾಗಿ ನನಗೆ ಇದನ್ನು ಓದಿದರೆ ಮೈ ಜುಂ ಅನ್ನುತ್ತದೆ. ಪ್ಲೇಗ್ ರೋಗಿಯನ್ನು ದೋಣಿ ಹತ್ತಿಸಿ ಪಕ್ಕದ ಊರಿಗೆ ಕಳಿಸುವುದು ಅಂದರೆ ಏನು! ಆದರೆ ಆ ವರ್ಷ ಹಾಂಗ್‌ಕಾಂಗ್‌ನಲ್ಲಿ ಸರ್ಕಾರಿ ಲೆಕ್ಕದಲ್ಲೇ 2,500ಕ್ಕೂ ಹೆಚ್ಚು ಜನ ಸತ್ತರು, ಹಡಗಿಗೆ ಹೋದವರಲ್ಲಿ ಬದುಕಿದವರು ಕಡಿಮೆ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಪತ್ತೆ ಹಚ್ಚಿದ್ದೂ ಅದೇ ಹಾಂಗ್‌ಕಾಂಗ್‌ನಲ್ಲಿ, ಅದೇ ಬೇಸಿಗೆಯಲ್ಲಿ, ಆದರೆ ಆಗ ಮದ್ದು ಯಾರ ಹತ್ತಿರವೂ ಇರಲಿಲ್ಲ. ಪ್ಲೇಗ್ ಆದ ಮೇಲೆ ವಿಚಾರಣೆ ನಡೆದು ಟುಂಗ್ ವಾ ಒಳಗೆ ಪಾಶ್ಚಾತ್ಯ ವೈದ್ಯವೂ ಬಂತು.

ಹಾಂಗ್‌ಕಾಂಗ್, ಷಿನ್‌ಹುಯಿ ಥರದ ಇನ್ನೊಂದು ಜೋಡಿ ಸೇರಿಸುತ್ತೇನೆ. ಮಕಾವ್ ಮತ್ತು ಅದರ ಪಕ್ಕದ ಷಿಯಾಂಗ್‌ಷಾನ್, ಅಂದರೆ ಈಗಿನ ಝೋಂಗ್‌ಷಾನ್. ಅದೂ ವಲಸಿಗರ ಊರೇ, ಹವಾಯಿಗೆ, ಆಸ್ಟ್ರೇಲಿಯಾಕ್ಕೆ ಹೋದವರು ಜಾಸ್ತಿ. ಮಕಾವ್‌ನಲ್ಲಿ 1871ರಲ್ಲಿ ಕಿಯಾಂಗ್ ವು ಆಸ್ಪತ್ರೆ ಶುರುವಾಯಿತು, ಅದೂ ಚೀನೀ ವ್ಯಾಪಾರಿಗಳದ್ದು. ಷಿಯಾಂಗ್‌ಷಾನ್‌ನ ಒಬ್ಬ ಹುಡುಗ, ಅಣ್ಣ ಹವಾಯಿಯಲ್ಲಿ ದುಡಿದ ದುಡ್ಡಿನ ಬಲದಿಂದ ಓದಿದವನು, 1892ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಡಾಕ್ಟರಾಗಿ ಬಂದು ಅಲ್ಲಿ ಸಂಬಳವಿಲ್ಲದೆ ರೋಗಿಗಳನ್ನು ನೋಡಿದ. ಅದೇ ಆಸ್ಪತ್ರೆಯಿಂದ ಬಡ್ಡಿಗೆ ಸಾಲ ಪಡೆದು ಔಷಧಿ ಅಂಗಡಿಯನ್ನೂ ತೆರೆದ. ಪೋರ್ಚುಗೀಸ್ ಡಾಕ್ಟರುಗಳು ನಿನಗೆ ನಮ್ಮ ಪರವಾನಗಿ ಇಲ್ಲ ಅಂತ ತಕರಾರು ತೆಗೆದು ಓಡಿಸಿದರು. ಹುಡುಗನ ಹೆಸರು ಸನ್ ಯಾಟ್ ಸೆನ್. ಆಮೇಲೆ ಏನು ಮಾಡಿದ ಅಂತ ನಿಮಗೆ ಗೊತ್ತು.

---

ದಕ್ಷಿಣದ್ವೀಪ

ನ್ಯೂಜಿಲೆಂಡ್‌ನಿಂದ. ಎಲ್ಲ ಪೆಟ್ಟಿಗೆಗಳೂ ಊರು ಮುಟ್ಟಲಿಲ್ಲ ಅನ್ನುವುದಕ್ಕೆ ಇಲ್ಲಿ ಒಂದು ಕಥೆ ಇದೆ. ಇಲ್ಲಿನ ಒಟಾಗೊ ಚಿನ್ನದ ಗಣಿಗೆ ಬಂದವರಲ್ಲಿ ಜಾಸ್ತಿ ಜನ ಕ್ಯಾಂಟನ್ ಪಕ್ಕದ ಪಾನ್‌ಯು ಕೌಂಟಿಯವರು, ಸಿಯಿಯವರೂ ಇದ್ದರು. ಡನೀಡಿನ್‌ನಲ್ಲಿ ಚೋಯ್ ಸ್ಯೂ ಹೋಯ್ ಅನ್ನುವ ದೊಡ್ಡ ವ್ಯಾಪಾರಿ, ಪಾನ್‌ಯು ಮೂಲದವನು, ಮೂಳೆ ಕಳಿಸುವ ಸಂಘದ ಮುಂದಾಳು. 1883ರಲ್ಲಿ ಮೊದಲ ಸಲ 230 ಜನರ ಅವಶೇಷ ಕಳಿಸಿದರು, ಸುಸೂತ್ರವಾಗಿ ಮುಟ್ಟಿತು.

ಎರಡನೇ ಸಲ 1902ರಲ್ಲಿ. ದಕ್ಷಿಣ ದ್ವೀಪದಿಂದ ಹಿಡಿದು ಎಷ್ಟೋ ಸ್ಮಶಾನಗಳಲ್ಲಿ ಅಗೆದು 499 ಜನರ ಅವಶೇಷ ಒಟ್ಟು ಮಾಡಿದರು. ವೆಂಟ್‌ನರ್ ಅನ್ನುವ ಉಗಿಹಡಗು ಗೊತ್ತು ಮಾಡಿದರು. ಗುರಿ ಹಾಂಗ್‌ಕಾಂಗ್, ಅಲ್ಲಿ ಟುಂಗ್ ವಾ ಇಳಿಸಿಕೊಳ್ಳುತ್ತದೆ, ಅಲ್ಲಿಂದ ಪಾನ್‌ಯು. ಸ್ಯೂ ಹೋಯ್ 1901ರಲ್ಲೇ ತೀರಿಕೊಂಡಿದ್ದ. ಅವನ ಶವಪೆಟ್ಟಿಗೆಯೂ ಅದೇ ಹಡಗಿನಲ್ಲಿ. ವರ್ಷಗಟ್ಟಲೆ ಬೇರೆಯವರಿಗೆ ಏರ್ಪಾಟು ಮಾಡಿದವನು ತಾನೂ ಅದೇ ಏರ್ಪಾಟಿನಲ್ಲಿ ಹೊರಟ.

ಅಕ್ಟೋಬರ್ ಕೊನೆಯಲ್ಲಿ ವೆಲ್ಲಿಂಗ್ಟನ್ ಬಿಟ್ಟ ಹಡಗು ತಾರಾನಾಕಿ ತೀರದ ಹತ್ತಿರ ಬಂಡೆಗೆ ಬಡಿಯಿತು. ಮೂಗಿನ ಕಡೆ ನೀರು ತುಂಬುತ್ತಿದ್ದರೂ ಕ್ಯಾಪ್ಟನ್ ಆಕ್ಲೆಂಡ್ ತಲುಪಬಹುದು ಅಂತ ಉತ್ತರಕ್ಕೆ ನಡೆಸಿದ. ಹೊಕಿಯಾಂಗಾ ಹತ್ತಿರ ಮುಳುಗಿತು. 13 ಜನ ಸತ್ತರು, ಕ್ಯಾಪ್ಟನ್‌ನೂ ಸೇರಿ. 499 ಜನ ಎರಡನೇ ಸಲ ಹೋದರು.

ಆಮೇಲೆ ಕೆಲವು ಮೂಳೆಗಳು ದಡಕ್ಕೆ ತೇಲಿ ಬಂದವು. ಅವನ್ನು ಎತ್ತಿ ತಮ್ಮ ನೆಲದಲ್ಲಿ ಹೂತವರು ಅಲ್ಲಿನ ಮಾವೋರಿಗಳು, ತೆ ರೊರೊವಾ ಮತ್ತು ತೆ ರಾರಾವಾ ಬುಡಕಟ್ಟಿನವರು. ಯಾರ ಮೂಳೆ ಅಂತ ಗೊತ್ತಿಲ್ಲದಿದ್ದರೂ ತಮ್ಮವರ ಜೊತೆ ಇಟ್ಟು, ಆ ಜಾಗದ ನೆನಪನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದರು. ಒಂದು ಶತಮಾನ ಕಳೆದ ಮೇಲೆ ಚೀನೀ ವಂಶಸ್ಥರು ಹುಡುಕಿಕೊಂಡು ಬಂದಾಗ ತೋರಿಸಿದರು. 2021ರಲ್ಲಿ ಒಪೊನೊನಿಯಲ್ಲಿ ಸ್ಮಾರಕವೂ ಆಯಿತು. ಮುಳುಗಿದ ಹಡಗು ಪತ್ತೆಯಾದಾಗ ಕೆಲವರು ಅದರಿಂದ ಸಾಮಾನು ಎತ್ತಿ ತಂದು ದೊಡ್ಡ ಜಗಳವೂ ನಡೆಯಿತು, ಅದು ಬೇರೆ ವಿಷಯ.

ನನ್ನ ಪ್ರಶ್ನೆ @ಕಾಫಿಪುಡಿಗೆ. ಮಾವೋರಿಗಳಿಗೆ ಇದರಲ್ಲಿ ಯಾವ ವ್ಯವಹಾರ?

---

ಕಾಫಿಪುಡಿ

@ದಕ್ಷಿಣದ್ವೀಪ ಮಾವೋರಿಗಳ ಬಗ್ಗೆ ನಾನು ಒಂದು ಮಾತೂ ಆಡಿಲ್ಲ ಸ್ವಾಮಿ! ನಾನು ಕೇಳಿದ್ದು ಸಮಿತಿಯ ದೊಡ್ಡವರ ಬಗ್ಗೆ. ಮತ್ತೆ ಇನ್ನೊಂದು ಕೇಳುತ್ತೇನೆ. ಇದುವರೆಗೆ ಬಂದ ಲೆಕ್ಕವೆಲ್ಲ ಗಂಡಸರದ್ದು. ಹೆಂಗಸರು ಎಲ್ಲಿ?

---

ಲೆಕ್ಕಪತ್ರ

ಹೆಂಗಸರು ಎರಡು ಕಡೆ ಕಾಣುತ್ತಾರೆ. ಒಂದು, ಊರಲ್ಲಿ ಉಳಿದವರು. ಅಮೆರಿಕದಲ್ಲಿದ್ದ ಗಂಡ ಕಳಿಸಿದ ಕಾಗದ ಮತ್ತು ದುಡ್ಡು ಹಾಂಗ್‌ಕಾಂಗ್‌ನ ಗೋಲ್ಡ್ ಮೌಂಟನ್ ಅಂಗಡಿಗೆ ಬಂದು, ಅಲ್ಲಿಂದ ನಂಬಿಕಸ್ಥ ಆಳುಗಳ ಕೈಯಲ್ಲಿ ತೈಷಾನ್‌ನ ಹಳ್ಳಿಗೆ ಬರುತ್ತಿತ್ತು. ಆ ಕಾಗದಗಳು 2013ರಲ್ಲಿ ಯುನೆಸ್ಕೋದ ಜಗತ್ತಿನ ನೆನಪು ಪಟ್ಟಿಗೆ ಸೇರಿವೆ. ಪೆಟ್ಟಿಗೆ ಬಂದಾಗ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಬಿಡಿಸಿಕೊಳ್ಳಬೇಕಾದ ಮನೆಯಲ್ಲಿ ಎಷ್ಟೋ ಸಲ ಇದ್ದದ್ದು ಹೆಂಡತಿ ಮಾತ್ರ. 1882ರಲ್ಲಿ ಅಮೆರಿಕ ಚೀನೀ ಕೂಲಿಗಳಿಗೆ ಬಾಗಿಲು ಹಾಕಿದ ಮೇಲಂತೂ ಗಂಡ ಹೆಂಡತಿ ಮತ್ತೆ ಸೇರುವುದು ಇನ್ನೂ ಕಷ್ಟವಾಯಿತು.

ಎರಡನೆಯದು ಕಹಿ. ಹೆಣ್ಣುಮಕ್ಕಳನ್ನು ಕದ್ದು, ಮೋಸ ಮಾಡಿ, ಹಾಂಗ್‌ಕಾಂಗ್ ಬಂದರಿನಿಂದ ಪರದೇಶಕ್ಕೆ ಮಾರುವ ದಂಧೆ ಜೋರಾಗಿತ್ತು. 1878ರಲ್ಲಿ ಡೊಂಗ್ವಾನ್ ಕೌಂಟಿ ಮೂಲದ ವ್ಯಾಪಾರಿಗಳು ಗವರ್ನರ್‌ಗೆ ಅರ್ಜಿ ಕೊಟ್ಟರು. ನಮ್ಮ ಕಡೆ ಮಕ್ಕಳನ್ನು ಕದಿಯುವವರನ್ನು ಹಿಡಿಯಲು ಸಂಘ ಕಟ್ಟುತ್ತೇವೆ ಅಂತ. ಪೊ ಲಿಯುಂಗ್ ಕುಕ್ ಅನ್ನುವ ಸಂಘ ಹುಟ್ಟಿದ್ದು ಹಾಗೆ. ಮೊದಲ ವರ್ಷಗಳಲ್ಲಿ ಅದಕ್ಕೆ ಜಾಗ ಕೊಟ್ಟಿದ್ದು ಟುಂಗ್ ವಾ. ಬಿಡಿಸಿದ ಹುಡುಗಿಯರನ್ನು ಇಟ್ಟುಕೊಂಡು, ಮನೆಯವರು ಸಿಕ್ಕರೆ ಊರಿಗೆ ಕಳಿಸುವುದು, ಇಲ್ಲದಿದ್ದರೆ ಮದುವೆ ಮಾಡಿಸುವುದು. ಇಲ್ಲಿ ಕಾಫಿಪುಡಿಯವರಿಗೆ ಬೈಯಲು ಒಳ್ಳೆ ವಸ್ತು ಸಿಗುತ್ತದೆ. ಅದೇ ದೊಡ್ಡವರ ಮನೆಯಲ್ಲಿ ದುಡ್ಡು ಕೊಟ್ಟು ತಂದ ಕೆಲಸದ ಹುಡುಗಿಯರೂ ಇದ್ದರು. ಮುಯಿ ತ್ಸಾಯಿ ಅನ್ನುವ ಆ ಪದ್ಧತಿಯನ್ನು ಸಮಿತಿಯವರೇ ಸಮರ್ಥಿಸಿಕೊಂಡರು. ಕದ್ದರೆ ತಪ್ಪು, ಅಪ್ಪ ಅಮ್ಮನೇ ಮಾರಿದರೆ ಸಂಪ್ರದಾಯ ಅನ್ನುವುದು ಅವರ ವಾದ.

---

ಕಾಫಿಪುಡಿ

ನೋಡಿ, ನಾನು ಹೇಳಿದ್ದು ಇದನ್ನೇ 🙂

---

ಹೌರಾ_ಸೇತುವೆ

ಕೊಲ್ಕತ್ತಾದಲ್ಲಿರುವ ಕನ್ನಡತಿ. ಸಿಯಿ ಹೆಸರು ನೋಡಿ ಬರೆಯುತ್ತಿದ್ದೇನೆ. ಇಲ್ಲಿ ಟಿರೆಟ್ಟಾ ಬಜಾರ್ ಹತ್ತಿರದ ಹಳೇ ಚೈನಾಟೌನ್‌ನಲ್ಲಿ ಸೀ ಇಪ್ ಚರ್ಚ್ ಅಂತ ಇದೆ. ಹೆಸರು ಚರ್ಚ್, ಒಳಗೆ ಇರುವುದು ಗುವಾನ್‌ಯಿನ್ ದೇವಿ. ಅದು ಅದೇ ನಾಲ್ಕು ಕೌಂಟಿಯವರ ಸಂಘದ ಗುಡಿ. ಕ್ಯಾಂಟನ್ ಕಡೆಯಿಂದ ಬಂದವರು ಇಲ್ಲಿ ಹೆಚ್ಚಾಗಿ ಬಡಗಿಗಳು. ಚೀನೀಯರಲ್ಲೇ ಇನ್ನೊಂದು ಗುಂಪಾದ ಹಕ್ಕಾಗಳದ್ದು ಚರ್ಮದ ಕೆಲಸ, ಅದು ಟಾಂಗ್ರಾ ಕಡೆ. 1962ರ ಯುದ್ಧದಲ್ಲಿ ಬಹಳ ಜನರನ್ನು ಹಿಡಿದು ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ಹಾಕಿದರು, ಆಮೇಲೆ ಎಷ್ಟೋ ಮನೆಯವರು ಕೆನಡಾಕ್ಕೆ ಹೋದರು. ಈಗ ಸಂಘದ ಕಟ್ಟಡಗಳು ಇವೆ, ಹಬ್ಬದ ದಿನ ಬಿಟ್ಟರೆ ಒಳಗೆ ಜನ ಕಡಿಮೆ.

---

ಅಡಿಕೆತೋಟ

ಇಷ್ಟೆಲ್ಲ ಏರ್ಪಾಟು ನಿಂತದ್ದು ಯಾವಾಗ? ಈಗ ನಡೆಯುತ್ತಿಲ್ಲ ತಾನೇ?

---

ಬೆಟ್ಟದಹಾದಿ

@ಅಡಿಕೆತೋಟ ಒಂದೇ ದಿನ ನಿಲ್ಲಲಿಲ್ಲ. 1937ರಲ್ಲಿ ಜಪಾನ್ ಯುದ್ಧ ಶುರುವಾದ ಮೇಲೆ ಹಡಗುಗಳು ಕಷ್ಟವಾದವು. ಕೆನಡಾದ ವಿಕ್ಟೋರಿಯಾದಲ್ಲಿ ಒಟ್ಟುಮಾಡಿ ಇಟ್ಟಿದ್ದ ಮೂಳೆಗಳು ಅಲ್ಲೇ ಉಳಿದುಕೊಂಡವು. ಯುದ್ಧ ಮುಗಿಯಲಿ ಅಂತ ಕಾದರು, ಆಮೇಲೆ ಅಂತರ್ಯುದ್ಧ ಮುಗಿಯಲಿ ಅಂತ ಕಾದರು, ಅಷ್ಟರಲ್ಲಿ ಚೀನಾದ ಬಾಗಿಲೇ ಮುಚ್ಚಿತು. ಕೊನೆಗೆ 1961ರಲ್ಲಿ ಹಾರ್ಲಿಂಗ್ ಪಾಯಿಂಟ್ ಸ್ಮಶಾನದಲ್ಲಿ 13 ದೊಡ್ಡ ಗುಂಡಿ ತೆಗೆದು, ಕೌಂಟಿ ಪ್ರಕಾರ ವಿಂಗಡಿಸಿ, ಸಮುದ್ರಕ್ಕೆ ಮುಖ ಮಾಡಿ ಹೂತರು.

ಊರಿನ ಪಾಡು ಅದಕ್ಕಿಂತ ಕೆಟ್ಟದ್ದು. ತೈಷಾನ್ ಕಡೆ ಹೊಲ ಕಡಿಮೆ, ಅಕ್ಕಿ ಕೊಂಡು ತಿನ್ನಬೇಕು, ಕೊಳ್ಳುವ ದುಡ್ಡು ಪರದೇಶದ್ದು. 1941ರ ಡಿಸೆಂಬರ್ 25ರಂದು ಹಾಂಗ್‌ಕಾಂಗ್ ಜಪಾನೀಯರ ಕೈಗೆ ಹೋಯಿತು. ಅಮೆರಿಕದಿಂದ ಹಾಂಗ್‌ಕಾಂಗ್ ಮೂಲಕ ಬರುತ್ತಿದ್ದ ದುಡ್ಡಿನ ನಲ್ಲಿ ಅಲ್ಲಿಗೆ ಬಂದ್. 1943ರಲ್ಲಿ ಭೀಕರ ಬರ. ಹೊರಗಿಂದ ಬಂಗಲೆಯಂತೆ ಕಾಣುವ ಮನೆಗಳ ಬಾಗಿಲು, ಕಿಟಕಿ ಕಿತ್ತು ಮಾರಿ ಗಂಜಿ ಕುಡಿದರು. ಚಿನ್ ಗೀ ಹೀ ಅನ್ನುವವರು ಸಿಯಾಟಲ್‌ನಲ್ಲಿ ದುಡಿದು, ಪರದೇಶದ ಊರವರ ಷೇರು ಹಣದಲ್ಲಿ 1906ರಿಂದ ಕಟ್ಟಿಸಿದ ಸನ್ನಿಂಗ್ ರೈಲಿನ ಹಳಿಯನ್ನು ಜಪಾನಿಗೆ ಸಿಗಬಾರದು ಅಂತ ಮೊದಲೇ ಕಿತ್ತು ಹಾಕಿದ್ದರು. ಹಾಗಾಗಿ ಅಕ್ಕಿ ಬರಲು ದಾರಿಯೂ ಇಲ್ಲ.

ಊರು ಬರೀ ಕೈಚಾಚಿ ಕೂತಿತ್ತು ಅನ್ನಬಾರದು ಅಂತ ನಾನು ಮೊದಲೇ ಹೇಳಿದೆ, ಆದರೆ ಒಂದೇ ಬಂದರಿನ ಮೇಲೆ ಊರಿಗೆ ಊರೇ ನೇತಾಡುತ್ತಿತ್ತು ಅನ್ನುವುದೂ ನಿಜ. ಹಾಂಗ್‌ಕಾಂಗ್ ಕೆಮ್ಮಿದರೆ ತೈಷಾನ್‌ಗೆ ಜ್ವರ.

1949ರ ನಂತರ ಗಡಿ ಬಿಗಿಯಾಯಿತು. ಸ್ಯಾಂಡಿ ಬೇ ಮನೆಯಲ್ಲಿ ಸಾವಿರಾರು ಪೆಟ್ಟಿಗೆಗಳು ಹಾಗೇ ಉಳಿದವು. ಅಲ್ಲಿ ಕೂಲಿಗಳ ಜೊತೆ ದೊಡ್ಡವರೂ ಇದ್ದರು ಅನ್ನುವುದು ನನಗೆ ಇಷ್ಟದ ವಿಷಯ. ಪೀಕಿಂಗ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ತ್ಸಾಯ್ ಯುವಾನ್‌ಪೆಯ್ 1940ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡಾಗ ಅವರ ಪೆಟ್ಟಿಗೆಯನ್ನೂ ಇದೇ ಮನೆಯಲ್ಲಿ ಇಟ್ಟಿದ್ದರು. ಊರಿಗೆ ಒಯ್ಯಲು ಆಗಲಿಲ್ಲ, ಹಾಂಗ್‌ಕಾಂಗ್‌ನ ಅಬರ್ಡೀನ್‌ನಲ್ಲೇ ಹೂತರು.

---

ಹೌರಾ_ಸೇತುವೆ

ಹಾಗಾದರೆ ಆ ನಂಟು ಅಲ್ಲಿಗೆ ಮುಗಿಯಿತಾ?

---

ಬೆಟ್ಟದಹಾದಿ

ಇಲ್ಲ, ದಿಕ್ಕು ಬದಲಾಯಿತು ಅಷ್ಟೇ. ಗಡಿ ದಾಟಿ ಹಾಂಗ್‌ಕಾಂಗ್‌ಗೆ ಓಡಿಬಂದ ಸಿಯಿಯವರಿಗೆ ಇಲ್ಲಿನ ಊರ ಸಂಘಗಳು ಶಾಲೆ ಕಟ್ಟಿದವು. ಷಿನ್‌ಹುಯಿ ವ್ಯಾಪಾರಿ ಸಂಘದ ಶಾಲೆಗಳು ಈಗಲೂ ನಡೆಯುತ್ತಿವೆ. ಒಂದಕ್ಕೆ ಷಿನ್‌ಹುಯಿಯಲ್ಲಿ ಬಾಳಿದ ಮಿಂಗ್ ಕಾಲದ ಪಂಡಿತ ಚೆನ್ ಬೈಷಾ ಹೆಸರಿದೆ. ಈಗ ಅಲ್ಲಿ ಓದುವ ಮಕ್ಕಳೆಲ್ಲ ಷಿನ್‌ಹುಯಿ ಮೂಲದವರೇನಲ್ಲ.

ಚೀನಾ ಮತ್ತೆ ಬಾಗಿಲು ತೆರೆದ ಮೇಲೆ ದುಡ್ಡು ಆ ಕಡೆಗೆ ಹರಿಯಿತು. ಜಿಯಾಂಗ್‌ಮೆನ್‌ನ ವುಯಿ ವಿಶ್ವವಿದ್ಯಾಲಯ 1985ರಲ್ಲಿ ಶುರುವಾದದ್ದು ಹಾಂಗ್‌ಕಾಂಗ್, ಮಕಾವ್ ಮತ್ತು ಪರದೇಶದ ಊರವರ ದೇಣಿಗೆಯ ಬಲದಿಂದ. ಆಸ್ಪತ್ರೆಗಳು, ಶಾಲೆಗಳು, ಸೇತುವೆಗಳು, ಗೋಡೆ ಮೇಲೆ ದಾನಿಗಳ ಫೋಟೋ. ಇಲ್ಲಿ ಕಾಫಿಪುಡಿಯವರ ಮಾತು ಮತ್ತೆ ಬರುತ್ತದೆ, ಆ ದಾನಿಗಳಲ್ಲಿ ಕೆಲವರಿಗೆ ಅದೇ ಊರಲ್ಲಿ ಫ್ಯಾಕ್ಟರಿಗೆ ಜಾಗವೂ ಬೇಕಿತ್ತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಊರಲ್ಲಿ ಫ್ಯಾಕ್ಟರಿ ಹಾಕಬೇಕು ಅನ್ನುವ ಪ್ರಶ್ನೆ ಬಂದಾಗ ಅಜ್ಜನ ಊರೇ ನೆನಪಾಯಿತಲ್ಲ.

ಟುಂಗ್ ವಾ 1931ರಲ್ಲಿ ಕ್ವಾಂಗ್ ವಾ ಮತ್ತು ಈಸ್ಟರ್ನ್ ಆಸ್ಪತ್ರೆಗಳ ಜೊತೆ ಒಂದೇ ಆಡಳಿತಕ್ಕೆ ಬಂತು, ಈಗಲೂ ಬಹಳ ದೊಡ್ಡ ಸಂಸ್ಥೆ. ಅದರ ಹಳೆಯ ಪತ್ರಗಳು, ದಾಖಲೆ ಪುಸ್ತಕಗಳು ಉಳಿದಿರುವುದರಿಂದಲೇ ನಾವು ಇಷ್ಟು ಮಾತಾಡುತ್ತಿದ್ದೇವೆ. ಊರಿನ ಕಡೆಯ ಕಡತಗಳು ಯುದ್ಧ, ಕ್ರಾಂತಿಗಳಲ್ಲಿ ಬಹಳಷ್ಟು ಹೋಗಿವೆ. ಕಥೆ ಹಾಂಗ್‌ಕಾಂಗ್ ಕಡೆಗೆ ವಾಲುವುದಕ್ಕೆ ನನ್ನ ಪ್ರಕಾರ ಇದೇ ಮುಖ್ಯ ಕಾರಣ.

---

ಅಡಿಕೆತೋಟ

ಹಾಂಗ್‌ಕಾಂಗ್‌ಗೆ ಬಂದರೆ ಇದರಲ್ಲಿ ಯಾವುದನ್ನು ನೋಡಬಹುದು? ಮುಂದಿನ ವರ್ಷ ಮಗನ ಹತ್ತಿರ ಬರುವ ಯೋಚನೆ ಇದೆ.

---

ಬೆಟ್ಟದಹಾದಿ

ಯೌ ಮಾ ತೇಯಲ್ಲಿರುವ ಕ್ವಾಂಗ್ ವಾ ಆಸ್ಪತ್ರೆಯ ಹಳೇ ಸಭಾಂಗಣವೇ ಈಗ ಟುಂಗ್ ವಾ ಮ್ಯೂಸಿಯಂ, ಮೊದಲು ಅಲ್ಲಿಗೆ ಹೋಗಿ. ತೈ ಪಿಂಗ್ ಷಾನ್ ಬೀದಿಯ ಗುಡಿ ಚಿಕ್ಕದು, ಊದುಬತ್ತಿ ಹೊಗೆ ಜಾಸ್ತಿ, ಹತ್ತು ನಿಮಿಷ ಸಾಕು. ಸ್ಯಾಂಡಿ ಬೇಯ ಶವಪೆಟ್ಟಿಗೆ ಮನೆ ಇನ್ನೂ ಬಳಕೆಯಲ್ಲಿರುವ ಜಾಗ, ಪ್ರವಾಸಿಗಳ ಹಾಗೆ ನುಗ್ಗುವುದಕ್ಕಲ್ಲ, ಮೊದಲೇ ಕೇಳಿಕೊಂಡು ಹೋಗಬೇಕು. ಎರಡು ದಿನ ಜಾಸ್ತಿ ಇದ್ದರೆ ಜಿಯಾಂಗ್‌ಮೆನ್‌ಗೂ ಹೋಗಿ ಬನ್ನಿ. ಅಲ್ಲಿ ವಲಸಿಗರ ಮ್ಯೂಸಿಯಂ ಇದೆ, ಕೈಪಿಂಗ್‌ನ ಗೋಪುರ ಮನೆಗಳಿವೆ, ಹುವಾಂಗ್‌ಕೆಂಗ್‌ಗೆ ಟ್ಯಾಕ್ಸಿ ಮಾಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್‌ಗೆ ಚೀನಾ ವೀಸಾ ಬೇರೆ ಬೇಕು, ಅದನ್ನು ಊರಲ್ಲೇ ಮಾಡಿಸಿಕೊಂಡು ಬನ್ನಿ.